ಒಂದೇ ನೆಲದ ಇಬ್ಬರು: ಕಷ್ಟ ಹೆಚ್ಚು ಯಾರಿಗೆ, ಲಿವರ್‌ವರ್ಟ್‌ಗೋ ಕಂಗರೂ ಇಲಿಗೋ?

ಹಸಿಮಣ್ಣು:
ಅಳಿವಿನಂಚಿನ ಜೀವಿಗಳ ಮಾತು ಬಂದರೆ ನಾವೆಲ್ಲ ನೇರವಾಗಿ ದೊಡ್ಡ ಪ್ರಾಣಿಗಳಿಗೇ ಹೋಗಿಬಿಡ್ತೀವಿ. ಈ ಸಲ ಕ್ಯಾಲೆಂಡರ್‌ನಲ್ಲಿ ಯಾರೂ ಚಿತ್ರ ಹಾಕದ ಎರಡು ಜೀವಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ ಅನ್ನಿಸಿತು.

ಒಂದು, ಗಿಯೋಥ್ಯಾಲಸ್ ಟ್ಯೂಬರೋಸಸ್. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಸಿಗುವ ಲಿವರ್‌ವರ್ಟ್. ಸ್ಟ್ಯಾನ್‌ಫರ್ಡ್‌ನ ಸಸ್ಯವಿಜ್ಞಾನಿ ಡಗ್ಲಸ್ ಹೌಟನ್ ಕ್ಯಾಂಪ್‌ಬೆಲ್ 1896ರಲ್ಲಿ ಇದನ್ನು ವರ್ಣಿಸಿದರು, ಹಾಗಾಗಿ ಕ್ಯಾಂಪ್‌ಬೆಲ್ ಲಿವರ್‌ವರ್ಟ್ ಅಂತಲೂ ಕರೀತಾರೆ. ಆ ಕುಲದಲ್ಲಿ ಇರುವುದೇ ಈ ಒಂದು ಪ್ರಭೇದ. ಇದು ಹೋದರೆ ಕುಲವೇ ಹೋದಂತೆ.

ಇನ್ನೊಂದು, ಸ್ಟೀಫನ್ಸ್ ಕಂಗರೂ ಇಲಿ, ಡೈಪೋಡೊಮಿಸ್ ಸ್ಟೀಫೆನ್ಸಿ. 1907ರಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಮೆರಿಯಮ್ ಹೆಸರಿಟ್ಟದ್ದು.

ಎರಡೂ ಸಿಗುವುದು ಹೆಚ್ಚುಕಡಿಮೆ ಅದೇ ಜಾಗದಲ್ಲಿ: ರಿವರ್‌ಸೈಡ್ ಮತ್ತು ಸ್ಯಾನ್ ಡಿಯಾಗೋ ಕೌಂಟಿಗಳು. ಎರಡರ ಮೇಲೂ ಹರಿದದ್ದು ಒಂದೇ ಬುಲ್ಡೋಜರ್. ಆದರೆ ಇಲಿಯ ಹೆಸರಲ್ಲಿ ಕೋರ್ಟು, ಕಾಯ್ದೆ, ಮೀಸಲು ಪ್ರದೇಶ, ಜಗಳ ಎಲ್ಲವೂ ಇದೆ. ಲಿವರ್‌ವರ್ಟ್ ಹೆಸರಲ್ಲಿ ಒಂದು ಜಗಳವೂ ಇಲ್ಲ. ಯಾಕೆ ಹೀಗೆ? ನಿಮಗೆ ಯಾವುದರ ಸ್ಥಿತಿ ಹೆಚ್ಚು ಕೆಟ್ಟದು ಅನ್ನಿಸುತ್ತೆ?

ಬಿಲದಬಾಯಿ:
ಇಲಿ ಪಕ್ಷದ ವಕಾಲತ್ತು ನನ್ನದು.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಮಾಡಿಬಿಡ್ತೀನಿ. ಕಂಗರೂ ಇಲಿ ಕಂಗರೂವಿನ ನೆಂಟನೂ ಅಲ್ಲ, ನಮ್ಮ ಅಡುಗೆಮನೆ ಇಲಿಯ ಹತ್ತಿರದ ದಾಯಾದಿಯೂ ಅಲ್ಲ. ದಂಶಕಗಳಲ್ಲಿ ಹೆಟೆರೋಮಿಯಿಡೆ ಅನ್ನುವ ಬೇರೆಯದೇ ಮನೆತನ. ಹಿಂಗಾಲಲ್ಲಿ ಕುಪ್ಪಳಿಸುತ್ತೆ, ಉದ್ದ ಬಾಲದಿಂದ ತೂಕ ಸರಿದೂಗಿಸಿಕೊಳ್ಳುತ್ತೆ. ಕೆನ್ನೆಯ ಹೊರಗಡೆ ರೋಮದ ಒಳಪದರ ಇರುವ ಎರಡು ಚೀಲ, ಅದರಲ್ಲಿ ಬೀಜ ತುಂಬಿಕೊಂಡು ಬಿಲಕ್ಕೆ ಓಟ. ನೀರು ಕುಡಿಯಲೇಬೇಕು ಅಂತಿಲ್ಲ. ಬೀಜ ಜೀರ್ಣವಾಗುವಾಗ ದೇಹದೊಳಗೇ ಹುಟ್ಟುವ ನೀರಿನಲ್ಲಿ ಕಾಲ ಹಾಕುತ್ತೆ, ಮೂತ್ರಪಿಂಡ ಒಂದು ಹನಿಯನ್ನೂ ದಂಡ ಮಾಡುವುದಿಲ್ಲ. ಹಾವು ಹತ್ತಿರ ಬಂದರೆ ಹಿಂಗಾಲಿನಿಂದ ನೆಲ ಬಡಿಯುವ ಅಭ್ಯಾಸ ಈ ಗುಂಪಿನ ಹಲವು ಇಲಿಗಳಿಗಿದೆ.

ಸ್ಟೀಫನ್ಸ್ ಇಲಿಗೆ ಬೇಕಾದ ಜಾಗ ಬಲು ನಿರ್ದಿಷ್ಟ. ಸಮತಟ್ಟಾದ ಅಥವಾ ಸ್ವಲ್ಪವೇ ಇಳಿಜಾರಿನ ಹುಲ್ಲುಗಾವಲು, ಅದೂ ವಿರಳ ಹುಲ್ಲು, ನಡುವೆ ಬೋಳು ನೆಲ. ಮನೆ ಕಟ್ಟುವವರಿಗೂ ಅಂಥದ್ದೇ ಜಾಗ ಬೇಕು. ಗಲಾಟೆ ಹುಟ್ಟಿದ್ದೇ ಅಲ್ಲಿ. 1988ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಇದನ್ನು 'ಅಳಿವಿನಂಚಿನಲ್ಲಿದೆ' ಎಂದು ಪಟ್ಟಿಗೆ ಸೇರಿಸಿತು. 2022ರಲ್ಲಿ ಒಂದು ಮೆಟ್ಟಿಲು ಇಳಿಸಿ 'ಅಪಾಯದಲ್ಲಿದೆ' ಅಂತ ಮಾಡಿದರು. ಅಂದರೆ ಮಾಡಿದ ಕೆಲಸಕ್ಕೆ ಫಲ ಸಿಕ್ಕಿದೆ.

ಸುಮ್ನೆಓದುಗ:
ದಡ್ಡ ಪ್ರಶ್ನೆ ಇರಬಹುದು, ಕ್ಷಮಿಸಿ. ಲಿವರ್‌ವರ್ಟ್ ಅಂದ್ರೆ ಗೋಡೆ ಮೇಲಿನ ಪಾಚೀನಾ?

ಹಸಿಮಣ್ಣು:
ದಡ್ಡ ಪ್ರಶ್ನೆ ಏನಲ್ಲ, ಹತ್ತರಲ್ಲಿ ಒಂಬತ್ತು ಜನ ಕೇಳೋದೇ ಇದನ್ನ. ಪಾಚಿ (ಆಲ್ಗೆ) ಬೇರೆ, ಹಾವಸೆ (ಮಾಸ್) ಬೇರೆ, ಲಿವರ್‌ವರ್ಟ್ ಬೇರೆ. ಹಾವಸೆಯ ಸೋದರಸಂಬಂಧಿ ಅಂತ ಇಟ್ಟುಕೊಳ್ಳಿ. ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಹಲವು ಜಾತಿಗಳಲ್ಲಿ ಕಾಂಡ-ಎಲೆ ಅಂತ ಬೇರ್ಪಡಿಸುವಂಥದ್ದೂ ಇಲ್ಲ, ನೆಲಕ್ಕೆ ಅಂಟಿಕೊಂಡ ಹಸಿರು ತಟ್ಟೆ ಅಷ್ಟೇ. ಆ ತಟ್ಟೆಯ ಆಕಾರ ಪಿತ್ತಜನಕಾಂಗದ ಹಾಗೆ ಕಂಡದ್ದಕ್ಕೆ ಯುರೋಪಿನವರು ಆ ಹೆಸರಿಟ್ಟರು, ಲಿವರ್ ಕಾಯಿಲೆಗೆ ಮದ್ದು ಅಂತಲೂ ನಂಬಿದ್ದರು. ಜಗತ್ತಿನಲ್ಲಿ ಸುಮಾರು 7,000 ಪ್ರಭೇದಗಳಿವೆ. ಡಿಗ್ರಿಯಲ್ಲಿ ಬಾಟನಿ ಓದಿದವರಿಗೆ ರಿಕ್ಸಿಯಾ, ಮಾರ್ಕಾನ್ಶಿಯಾ ನೆನಪಿರಬೇಕು. ಬ್ಲೇಡಿನಲ್ಲಿ ಸೆಕ್ಷನ್ ಕತ್ತರಿಸಲು ಹೋಗಿ ಬೆರಳನ್ನೇ ಕತ್ತರಿಸಿಕೊಂಡವರಲ್ಲಿ ನಾನೂ ಒಬ್ಬ.

ಗಿಯೋಥ್ಯಾಲಸ್ ಬದುಕು ಇನ್ನೂ ಸ್ವಾರಸ್ಯ. ಆ ಸೀಮೆಯಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಮಳೆ ಬಿದ್ದಾಗ ಹಸಿರಾಗಿ ಹರಡಿಕೊಳ್ಳುತ್ತೆ, ಮಣ್ಣು ಒಣಗುವ ಹೊತ್ತಿಗೆ ಬೆಳೆಯುವ ತುದಿಯಲ್ಲಿ ಪುಟ್ಟ ಗೆಡ್ಡೆ ಕಟ್ಟಿಕೊಂಡು ಮಣ್ಣೊಳಗೆ ಸೇರಿಬಿಡುತ್ತೆ. ಮೇಲಿನ ಭಾಗ ಸಾಯುತ್ತೆ. ಟ್ಯೂಬರೋಸಸ್ ಅನ್ನುವ ಹೆಸರು ಬಂದದ್ದು ಆ ಗೆಡ್ಡೆಯಿಂದಲೇ. ಮುಂದಿನ ಮಳೆಯವರೆಗೆ ನೀವು ಅದರ ಮೇಲೇ ನಿಂತಿದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಬಿಲದಬಾಯಿ ಅವರೇ, ನಿಮ್ಮ ಇಲಿ ನೀರಿಲ್ಲದೆ ಬದುಕುತ್ತೆ, ಒಪ್ಪಿದೆ. ನನ್ನದು ನೀರಿಲ್ಲದಾಗ ಬದುಕನ್ನೇ ಮಡಚಿ ಇಟ್ಟುಬಿಡುತ್ತೆ!

ಎಣಿಕೆಮನೆ:
ಯಾವುದರ ಸ್ಥಿತಿ ಹೆಚ್ಚು ಕೆಟ್ಟದು ಅಂತ ಕೇಳಿದ್ದೀರಿ. ಉತ್ತರಕ್ಕೆ ಮುಂಚೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುತ್ತಾ ಅನ್ನುವುದನ್ನು ನೋಡಬೇಕು.

ಅಳಿವಿನಂಚಿನ ಜೀವಿಗಳ ಸ್ಥಿತಿ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯ ಅಳತೆಗೋಲು ಎಲ್ಲ ಜೀವಿಗಳಿಗೂ ಒಂದೇ. ಉದಾಹರಣೆಗೆ, ಬಲಿತ ಜೀವಿಗಳ ಸಂಖ್ಯೆ 50ಕ್ಕಿಂತ ಕಡಿಮೆ ಇದ್ದರೆ ಅಳಿವಿನ ತೀರಾ ಅಂಚು, 250ಕ್ಕಿಂತ ಕಡಿಮೆ ಇದ್ದರೆ ಅದರ ಮುಂದಿನ ದರ್ಜೆ, 1,000ಕ್ಕಿಂತ ಕಡಿಮೆ ಇದ್ದರೆ ಮೂರನೆಯದು. ಇಲಿಗೆ ಇದು ಸಲೀಸು. ಒಂದು ಇಲಿ ಅಂದರೆ ಒಂದು ಇಲಿ.

ಲಿವರ್‌ವರ್ಟ್‌ನಲ್ಲಿ 'ಒಂದು' ಅಂದರೆ ಏನು? ತಟ್ಟೆ ಕವಲೊಡೆಯುತ್ತೆ, ಹಿಂಭಾಗ ಕೊಳೆಯುತ್ತೆ, ಮುಂದಿನ ಎರಡು ಕವಲು ಬೇರೆಯಾಗುತ್ತವೆ. ಈಗ ಅದು ಒಂದೋ ಎರಡೋ? ಈ ಗೋಜಲು ಬಿಡಿಸಲಾಗದೆ ಬ್ರಯೋಫೈಟ್ (ಹಾವಸೆ, ಲಿವರ್‌ವರ್ಟ್‌ಗಳ ಗುಂಪು) ತಜ್ಞರು 1998ರಲ್ಲಿ ಒಂದು ಲೆಕ್ಕ ಹಾಕಿಕೊಂಡರು: ನೆಲದ ಮೇಲೆ ಬೆಳೆಯುವುದಾದರೆ ಅದು ಇರುವ 1 ಚದರ ಮೀಟರ್ ಜಾಗವನ್ನು ಒಂದು ಜೀವಿ ಅಂತ ಎಣಿಸುವುದು. ಮರದ ಮೇಲೆ ಬೆಳೆದರೆ ಆ ಇಡೀ ಮರವೇ ಒಂದು. ತಜ್ಞರು ಕೂತು ಒಪ್ಪಿಕೊಂಡ ಒಂದು ಕರಾರು ಅಷ್ಟೇ ಇದು, ಪ್ರಕೃತಿ ಹಾಗೆ ಗೆರೆ ಎಳೆದಿಲ್ಲ.

ಇನ್ನು ಕಾಲದ ಲೆಕ್ಕ. 10 ವರ್ಷ ಅಥವಾ ಮೂರು ತಲೆಮಾರು, ಯಾವುದು ಉದ್ದವೋ ಅಷ್ಟರಲ್ಲಿ ಎಷ್ಟು ಕುಸಿದಿದೆ ಅಂತ ನೋಡಬೇಕು. ಕಂಗರೂ ಇಲಿಯ ತಲೆಮಾರು ಚಿಕ್ಕದು, 10 ವರ್ಷದ ಲೆಕ್ಕವೇ ಸಾಕು. ರಿಕ್ಸಿಯಾ ಅನ್ನುವ ಲಿವರ್‌ವರ್ಟ್ ಕುಲದ ಜಾತಿಯೊಂದು 25 ವರ್ಷ ಒಣಗಿದ್ದು ನೀರು ಕಂಡಾಗ ಮತ್ತೆ ಕೋಶ ವಿಭಜನೆ ಶುರು ಮಾಡಿದ ದಾಖಲೆ ಇದೆ. ಅಂಥ ಗುಂಪಿನಲ್ಲಿ ತಲೆಮಾರು ಅಂತ ಎಲ್ಲಿಂದ ಎಲ್ಲಿಗೆ ಅಳೆಯುತ್ತೀರಿ?

ಬಿಲದಬಾಯಿ:
ಇಲಿ ಎಣಿಸುವುದು ಸಲೀಸು ಅಂದಿರಲ್ಲ ಎಣಿಕೆಮನೆ ಸರ್, ಒಂದು ರಾತ್ರಿ ಬನ್ನಿ. ಸಂಜೆ ಸಾಲಾಗಿ ಶರ್ಮನ್ ಬೋನು (ಲೋಹದ ಡಬ್ಬಿಯಂಥದ್ದು) ಇಡಬೇಕು, ನಡುರಾತ್ರಿ ನೋಡಬೇಕು, ಬೆಳಗಿನ ಜಾವ ಮತ್ತೆ ನೋಡಬೇಕು. ಅದೇ ಸೀಮೆಯಲ್ಲಿ ಡಲ್‌ಜೂರಾ ಕಂಗರೂ ಇಲಿ ಅಂತ ಇನ್ನೊಂದಿದೆ, ನೋಡಲು ಅಣ್ಣತಮ್ಮನ ಹಾಗೆ. ಬರೀ ಬಿಲ ಎಣಿಸಿ ವರದಿ ಬರೆದರೆ ಯಾರ ಮನೆ ಎಣಿಸಿದಿರೋ ದೇವರಿಗೇ ಗೊತ್ತು. ಒಳ್ಳೆ ಮಳೆಯಾಗಿ ಹುಲ್ಲು ದಟ್ಟವಾದ ವರ್ಷ ಒಂದು ಸಂಖ್ಯೆ, ಬರದ ವರ್ಷ ಇನ್ನೊಂದು.

ಎಣಿಕೆಮನೆ:
ಒಪ್ಪಿದೆ, 'ಸಲೀಸು' ವಾಪಸ್ ತಗೊಂಡೆ. ಆದರೂ ಕಷ್ಟದ ಜಾತಿ ಬೇರೆ. ನಿಮ್ಮದು ಕೈಗೆ ಸಿಗದ ಕಷ್ಟ. ಅವರದ್ದು ಕೈಗೆ ಸಿಕ್ಕರೂ ಎಷ್ಟು ಅಂತ ಹೇಳಲಾಗದ ಕಷ್ಟ.

ಕಡತ:
ಕಾನೂನಿನ ಕಡೆಯಿಂದ ನಾನು ಸ್ವಲ್ಪ ಹೇಳಬಹುದು. ಹಸಿಮಣ್ಣು ಅವರು 'ಯಾಕೆ ಹೀಗೆ' ಅಂತ ಕೇಳಿದ್ದಕ್ಕೆ ಉತ್ತರದ ದೊಡ್ಡ ಪಾಲು ಇಲ್ಲಿದೆ ಅಂತ ನನ್ನ ಅಭಿಪ್ರಾಯ.

ಅಮೆರಿಕದ 1973ರ ಅಳಿವಿನಂಚಿನ ಜೀವಿಗಳ ಕಾಯ್ದೆಯಲ್ಲಿ ಪ್ರಾಣಿ ಮತ್ತು ಸಸ್ಯಕ್ಕೆ ಒಂದೇ ರಕ್ಷಣೆ ಇಲ್ಲ. ಪಟ್ಟಿಯಲ್ಲಿರುವ ಪ್ರಾಣಿಯನ್ನು ಕೊಲ್ಲುವುದು, ಹಿಡಿಯುವುದು, ಅದಕ್ಕೆ ಹಾನಿ ಮಾಡುವುದು ಎಲ್ಲಿದ್ದರೂ ಅಪರಾಧ, ಖಾಸಗಿ ಜಮೀನಿನಲ್ಲಿದ್ದರೂ ಸರಿ. 1995ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸ್ವೀಟ್ ಹೋಮ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರಾಣಿ ಸಾಯುವಂತೆ ಅಥವಾ ಗಾಯಗೊಳ್ಳುವಂತೆ ಅದರ ನೆಲೆಯನ್ನು ಹಾಳುಮಾಡುವುದೂ 'ಹಾನಿ'ಯೇ ಅನ್ನುವ ಸರ್ಕಾರದ ನಿಯಮವನ್ನು ಎತ್ತಿಹಿಡಿಯಿತು.

ಸಸ್ಯಕ್ಕೆ? ಸರ್ಕಾರದ ಜಮೀನಿನಲ್ಲಿದ್ದರೆ ಕಿತ್ತುಕೊಂಡು ಹೋಗುವಂತಿಲ್ಲ. ಖಾಸಗಿ ಜಮೀನಿನಲ್ಲಿದ್ದರೆ, ರಾಜ್ಯದ ಬೇರೆ ಕಾನೂನು ಮುರಿಯದ ಹೊರತು, ಮಾಲೀಕ ಅದರ ಮೇಲೆ ಜಲ್ಲಿ ಸುರಿದರೂ ಕೇಂದ್ರದ ಕಾಯ್ದೆ ಕೇಳುವುದಿಲ್ಲ. ಗಿಡ ಭೂಮಿಯ ಜೊತೆ ಬಂದದ್ದು, ಹಾಗಾಗಿ ಭೂಮಿಯ ಒಡೆಯನದು. ಪ್ರಾಣಿ ಓಡಾಡುವಂಥದ್ದು, ಯಾರ ಸ್ವತ್ತೂ ಅಲ್ಲ. ಈ ಹಳೇ ಆಸ್ತಿ ಕಾನೂನಿನ ಯೋಚನೆಯೇ ಅಲ್ಲಿ ಮುಂದುವರಿದಿದೆ.

ಇದೂ ಪಟ್ಟಿಯಲ್ಲಿ ಹೆಸರಿದ್ದ ಸಸ್ಯದ ಕಥೆ. ಗಿಯೋಥ್ಯಾಲಸ್ ಆ ಕೇಂದ್ರ ಪಟ್ಟಿಯಲ್ಲೇ ಇಲ್ಲ.

ಸುಮ್ನೆಓದುಗ:
ಅಂದ್ರೆ ಕಾಲಿದ್ದರೆ ಕಾನೂನು, ಇಲ್ಲದಿದ್ದರೆ ಜಲ್ಲಿ. ಅಬ್ಬಾ.

ಬಿಲದಬಾಯಿ:
ಕಾಲಿದ್ದವರಿಗೂ ಪುಕ್ಕಟೆ ಸಿಗಲಿಲ್ಲ ಬಿಡಿ. 1993ರ ಅಕ್ಟೋಬರ್‌ನಲ್ಲಿ ರಿವರ್‌ಸೈಡ್ ಕೌಂಟಿಯಲ್ಲಿ ದೊಡ್ಡ ಕಾಳ್ಗಿಚ್ಚು ಬಿತ್ತು, 29 ಮನೆ ಸುಟ್ಟುಹೋದವು. ಕೆಲವು ಮಾಲೀಕರು ಇಲಿಯ ಮೇಲೆ ತಪ್ಪು ಹೊರಿಸಿದರು. 'ಮನೆ ಸುತ್ತ ಹುಲ್ಲು ಹೋಗುವಂತೆ ಉಳುಮೆ ಮಾಡಿ ಬೆಂಕಿ ಪಟ್ಟಿ ಬಿಡಬೇಕಿತ್ತು, ಇಲಿಯ ಬಿಲ ಹಾಳಾಗುತ್ತೆ ಅಂತ ಅಧಿಕಾರಿಗಳು ಉಳಲು ಬಿಡಲಿಲ್ಲ' ಅನ್ನುವುದು ದೂರು. ಕೇಳಿದವರಿಗೆಲ್ಲ ಸರಿ ಅನ್ನಿಸುವ ಕಥೆ. ಟಿವಿಯಲ್ಲಿ, ಸಂಸತ್ತಿನಲ್ಲಿ ಓಡಾಡಿತು. 1994ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ತನಿಖೆ ಮಾಡಿ, ಮನೆಗಳು ಸುಟ್ಟದ್ದಕ್ಕೂ ಉಳುಮೆ ನಿಷೇಧಕ್ಕೂ ಸಂಬಂಧವಿಲ್ಲ ಅಂತ ವರದಿ ಕೊಟ್ಟಿತು. ಗಾಳಿ ಅಷ್ಟು ಜೋರಾಗಿತ್ತು, ಕಿಡಿ ಎಲ್ಲ ಪಟ್ಟಿಗಳನ್ನೂ ಹಾರಿ ದಾಟಿತ್ತು. ವರದಿ ಓದಿದವರು ಎಷ್ಟು ಜನ? 'ಇಲಿಗೋಸ್ಕರ ಮನೆ ಸುಟ್ಟರು' ಅನ್ನುವ ಮಾತು ಮಾತ್ರ ಇವತ್ತಿಗೂ ಉಳಿದಿದೆ.

ಕೊನೆಗೆ 1996ರಲ್ಲಿ ದೀರ್ಘಾವಧಿ ಯೋಜನೆ ಬಂತು. ಇಲಿ ಇರುವ ವಲಯದಲ್ಲಿ ಕಟ್ಟುವವರು ಎಕರೆಗೆ 500 ಡಾಲರ್ ಶುಲ್ಕ ಕಟ್ಟಬೇಕು, ಆ ದುಡ್ಡಿನಲ್ಲಿ ಮೀಸಲು ಪ್ರದೇಶ ನೋಡಿಕೊಳ್ಳುವುದು. ಲೇಕ್ ಮ್ಯಾಥ್ಯೂಸ್, ಲೇಕ್ ಸ್ಕಿನ್ನರ್, ಸ್ಯಾನ್ ಜಸಿಂಟೋ ಸುತ್ತಮುತ್ತ ಆ ಮೀಸಲುಗಳಿವೆ.

ನನ್ನ ವಾದ ಇಷ್ಟೇ: ಆ ಮೀಸಲಿನ ಮಣ್ಣಿನಲ್ಲಿ ಲಿವರ್‌ವರ್ಟ್ ಇದ್ದರೆ ಅದಕ್ಕೂ ರಕ್ಷಣೆ ಸಿಕ್ಕಿತಲ್ಲ? ಇಲಿ ಹಿಡಿದ ಕೊಡೆಯ ಕೆಳಗೆ ಅದೂ ನಿಲ್ಲಲಿ. ಅದಕ್ಕೇ ಅಂತ ಪ್ರತ್ಯೇಕ ಹೋರಾಟ ಯಾಕೆ?

ಹಸಿಮಣ್ಣು:
ಕೊಡೆಯ ವಾದ ನನಗೂ ಇಷ್ಟ, ಅರ್ಧದವರೆಗೆ.

ಮೊದಲು ಒಪ್ಪುವ ಅರ್ಧ. ಇಬ್ಬರ ಶತ್ರು ಬರೀ ಬುಲ್ಡೋಜರ್ ಅಲ್ಲ, ಹುಲ್ಲು. ಮೆಡಿಟರೇನಿಯನ್ ಸೀಮೆಯಿಂದ ಬಂದ ಬ್ರೋಮ್, ಕಾಡು ಓಟ್ಸ್ ಥರದ ವಾರ್ಷಿಕ ಹುಲ್ಲುಗಳು ಆ ನೆಲವನ್ನೆಲ್ಲ ಮುಚ್ಚಿವೆ. ವರ್ಷವರ್ಷವೂ ಒಣಹುಲ್ಲು ಚಾಪೆಯಂತೆ ಪದರಪದರವಾಗಿ ಬೀಳುತ್ತೆ. ಕುಪ್ಪಳಿಸುವ ಇಲಿಗೆ ಅದು ಮುಳ್ಳುಬೇಲಿ. ಎರಡು ಮಿಲಿಮೀಟರ್ ಎತ್ತರದ ಹಸಿರು ತಟ್ಟೆಗಂತೂ ಅದು ಸಮಾಧಿ, ಬೆಳಕೇ ಬೀಳುವುದಿಲ್ಲ. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಜೀವಿಗಳು, ಇಬ್ಬರಿಗೂ ಬೇಕಾಗಿರುವುದು ನಾವು 'ಖಾಲಿ ಬಿದ್ದಿದೆ' ಅನ್ನುವ ಬೋಳು ನೆಲ. ಹಸಿರು ಅಂದರೆ ಒಳ್ಳೆಯದು, ಬೋಳು ಅಂದರೆ ಹಾಳು ಅನ್ನುವ ನಮ್ಮ ಕಣ್ಣೇ ಇಲ್ಲಿ ತಪ್ಪು.

ಇನ್ನು ಒಪ್ಪದ ಅರ್ಧ. ಇಲಿಗಾಗಿ ಆ ಹುಲ್ಲು ತೆಗೆಯುವುದು ಹೇಗೆ? ದನ-ಕುರಿ ಮೇಯಿಸ್ತಾರೆ, ಕತ್ತರಿಸ್ತಾರೆ, ಲೆಕ್ಕ ಇಟ್ಟು ಬೆಂಕಿ ಕೊಡ್ತಾರೆ. ಇಲಿ ಬಿಲದೊಳಗೆ ಹೋಗುತ್ತೆ, ಆಮೇಲೆ ಹೊರಗೆ ಬರುತ್ತೆ. ಅದೇ ಕೆಲಸ ಮಳೆ ಬಿದ್ದ ಮಣ್ಣಿನ ಮೇಲೆ, ಲಿವರ್‌ವರ್ಟ್ ಹಸಿರಾಗಿರುವಾಗ ನಡೆದರೆ? ಒದ್ದೆ ಮಣ್ಣಿನಲ್ಲಿ ಒಂದು ಗೊರಸು ಇಳಿದ ಜಾಗವೇ ಅದರ ಇಡೀ ಊರು. ಬೇಸಿಗೆಯಲ್ಲಿ ಮಾಡಿದರೆ ಗೆಡ್ಡೆ ಒಳಗಿರುತ್ತೆ, ಅಷ್ಟು ತೊಂದರೆ ಆಗಲಿಕ್ಕಿಲ್ಲ. ಅಂದರೆ ಕೊಡೆ ಯಾವ ತಿಂಗಳು ಬಿಚ್ಚುತ್ತೀರಿ ಅನ್ನುವುದರ ಮೇಲೆ ಇದೆ.

ಇನ್ನೊಂದು, ಗಂಡು-ಹೆಣ್ಣಿನ ಸಮಸ್ಯೆ. ಇದನ್ನು ಹೇಳದೆ ಮುಂದೆ ಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ, ವಿಷಯಾಂತರ ಅನ್ನಿಸಿದರೆ ಕ್ಷಮಿಸಿ. ಗಿಯೋಥ್ಯಾಲಸ್‌ನ ಹತ್ತಿರದ ನೆಂಟ ಸ್ಫೀರೋಕಾರ್ಪಸ್. ಸಸ್ಯಗಳಲ್ಲೂ ಲಿಂಗ ವರ್ಣತಂತುಗಳಿವೆ ಅಂತ ಮೊದಲು ತೋರಿಸಿಕೊಟ್ಟದ್ದು ಆ ಕುಲದ ಸ್ಫೀರೋಕಾರ್ಪಸ್ ಡೊನೆಲ್ಲೈ, ಚಾರ್ಲ್ಸ್ ಅಲೆನ್ 1917ರಲ್ಲಿ ಅದನ್ನು ಪ್ರಕಟಿಸಿದರು. ಬೇರೆ ಯಾವ ದೊಡ್ಡ ಮರ, ಚಂದದ ಹೂವಿಗೂ ಸಿಗದ ಗೌರವ ಇದು. ಅಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ತೀರಾ ಪುಟ್ಟದು. ವೀರ್ಯಾಣು ನೀರಿನ ತೆಳು ಪದರದಲ್ಲಿ ಈಜಿಕೊಂಡೇ ಹೆಣ್ಣನ್ನು ಸೇರಬೇಕು, ಅದರ ಓಟ ಸೆಂಟಿಮೀಟರ್ ಲೆಕ್ಕದಲ್ಲಿ. ಇಲಿಗೆ ಜೋಡಿ ಸಿಗದಿದ್ದರೆ ಪಕ್ಕದ ಗುಡ್ಡಕ್ಕೆ ಹೋಗಬಹುದು. ಇದು ಅಂಗೈ ಅಗಲ ಆಚೆಗೂ ಹೋಗಲಾರದು.

ಸುಮ್ನೆಓದುಗ:
ಎಲ್ಲ ಚೆನ್ನಾಗಿದೆ. ಆದರೆ ನನ್ನ ಮನಸ್ಸಿನಲ್ಲಿರೋದನ್ನ ಕೇಳೇಬಿಡ್ತೀನಿ, ಬೈಬೇಡಿ. ಎರಡು ಮಿಲಿಮೀಟರ್ ಹಸಿರು ತಟ್ಟೆ ಹೋದರೆ ಏನಾಗುತ್ತೆ? ಇಲಿ ಹೋದರೆ ಏನಾಗುತ್ತೆ?

ಬಿಲದಬಾಯಿ:
ಇಲಿ ಹೋದರೆ ಏನಾಗುತ್ತೆ ಅನ್ನುವುದಕ್ಕೆ ಪ್ರಯೋಗವೇ ಇದೆ. ಸ್ಟೀಫನ್ಸ್ ಇಲಿಯದಲ್ಲ, ಅದರ ಕುಲದ ಬೇರೆ ಮೂರು ಪ್ರಭೇದಗಳದ್ದು. ಅರಿಜೋನಾದ ಪೋರ್ಟಲ್ ಹತ್ತಿರ ಮರುಭೂಮಿಯ ಕೆಲವು ತುಂಡುಗಳಿಗೆ ಬೇಲಿ ಹಾಕಿ ಕಂಗರೂ ಇಲಿಗಳನ್ನು ಹೊರಗಿಟ್ಟರು. ಸುಮಾರು 12 ವರ್ಷದಲ್ಲಿ ಪೊದೆಗಾಡಿನಂತಿದ್ದ ಜಾಗ ಹುಲ್ಲುಗಾವಲಾಗಿ ಬದಲಾಯಿತು. ಬ್ರೌನ್ ಮತ್ತು ಹೆಸ್ಕಿ 1990ರಲ್ಲಿ ಪ್ರಕಟಿಸಿದ್ದು. ದೊಡ್ಡ ಬೀಜಗಳನ್ನು ಆರಿಸಿ ತಿನ್ನುವುದು, ಮಣ್ಣು ಕೆದರುವುದು, ಇದರಿಂದಲೇ ಅವು ನೆಲದ ಚಹರೆಯನ್ನು ಹಿಡಿದಿಟ್ಟುಕೊಂಡಿರುತ್ತವೆ.

ಹಸಿಮಣ್ಣು ಅವರೇ, ಇದನ್ನು ನಿಮ್ಮ ಮಾತಿಗೆ ಜೋಡಿಸಿ ನೋಡಿ. ಬೋಳು ನೆಲ ಉಳಿಸಿಕೊಡುವುದೇ ನನ್ನ ಇಲಿ. ನಿಮ್ಮ ಲಿವರ್‌ವರ್ಟ್ ಅದರ ಬಾಡಿಗೆದಾರ!

ಹಸಿಮಣ್ಣು:
ಕೆದರಿದ ಮಣ್ಣಿನ ಕೆಳಗೆ ಹೂತುಹೋಗುವುದೂ ಅದೇ ಬಾಡಿಗೆದಾರ, ಮರೀಬೇಡಿ. ಆದರೂ ಈ ಏಟು ಒಪ್ಪಿಕೊಂಡೆ.

ಓದುಗರ ಪ್ರಶ್ನೆಯ ಇನ್ನೊಂದು ಅರ್ಧಕ್ಕೆ: ಲಿವರ್‌ವರ್ಟ್, ಹಾವಸೆ, ಕಲ್ಲುಹೂವು, ಸೈನೋಬ್ಯಾಕ್ಟೀರಿಯಾ ಎಲ್ಲ ಸೇರಿ ಒಣನಾಡಿನ ಮಣ್ಣಿನ ಮೇಲೆ ಒಂದು ತೊಗಟೆ ಕಟ್ಟುತ್ತವೆ. ಗಾಳಿಗೆ, ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಹಿಡಿಯುವುದು ಆ ತೊಗಟೆ. ಗಿಯೋಥ್ಯಾಲಸ್ ಒಂದೇ ಹೋದರೆ ಆ ತೊಗಟೆ ಬಿದ್ದುಹೋಗುತ್ತಾ? ಇಲ್ಲ. ಸುಳ್ಳು ಹೇಳಿ ಅದನ್ನು ಉಳಿಸುವುದು ನನಗೆ ಬೇಡ. ಅದರ ಬೆಲೆ ಇರುವುದು ಅದು ಒಂಟಿ ಅನ್ನುವುದರಲ್ಲಿ. ಕಂಗರೂ ಇಲಿಯ ಕುಲದಲ್ಲಿ ಸುಮಾರು 20 ಪ್ರಭೇದಗಳಿವೆ. ಸ್ಟೀಫನ್ಸ್ ಹೋದರೆ ಅದು ಹೋಯಿತು, ದುಃಖವೇ, ಆದರೆ ಮನೆತನ ಉಳಿಯಿತು. ಗಿಯೋಥ್ಯಾಲಸ್ ಹೋದರೆ ಮನೆಯ ದೀಪ ಆರಿದಂತೆ.

ಎಣಿಕೆಮನೆ:
ಇದು ಸಂಖ್ಯೆಯ ಪಟ್ಟಿಗಳಲ್ಲಿ ಕಾಣುವುದಿಲ್ಲ ಅನ್ನುವುದು ನಿಜ. ಕೆಂಪು ಪಟ್ಟಿ ಅಳೆಯುವುದು ಅಳಿವು ಎಷ್ಟು ಹತ್ತಿರ ಇದೆ ಅನ್ನುವುದನ್ನು, ಹೋದರೆ ಎಷ್ಟು ಹೋಗುತ್ತೆ ಅನ್ನುವುದನ್ನಲ್ಲ.

ಕಡತ:
ಇಲಿಗೆ ಕಾಲಿದೆ, ಕಾನೂನಿದೆ ಅಂತ ನಾನು ಹೇಳಿದ್ದರಿಂದ ಇಲಿಗಳೆಲ್ಲ ಸುಖವಾಗಿವೆ ಅನ್ನಿಸಿದ್ದರೆ ಒಂದು ತಿದ್ದುಪಡಿ. ಆಸ್ಟ್ರೇಲಿಯಾದ ಉತ್ತರಕ್ಕೆ ಟಾರೆಸ್ ಜಲಸಂಧಿಯಲ್ಲಿ ಬ್ರ್ಯಾಂಬಲ್ ಕೇ ಅನ್ನುವ ಪುಟಾಣಿ ಮರಳು ದ್ವೀಪ. ಅಲ್ಲಿ ಮಾತ್ರ ಇದ್ದ ಮೆಲೊಮಿಸ್ ಅನ್ನುವ ಇಲಿಗೆ ಕಾಗದದ ಮೇಲೆ ರಕ್ಷಣೆ ಇತ್ತು, 2008ರಲ್ಲಿ ಪುನಶ್ಚೇತನ ಯೋಜನೆಯೂ ಬರೆದಿದ್ದರು. ಸಮುದ್ರ ಮತ್ತೆಮತ್ತೆ ಉಕ್ಕಿ ದ್ವೀಪದ ಗಿಡಗಳನ್ನು ತೊಳೆದುಕೊಂಡು ಹೋಯಿತು. ಕೊನೆಯ ಬಾರಿ ಕಂಡದ್ದು 2009ರಲ್ಲಿ. 2014ರಲ್ಲಿ ಹಿಡಿದು ಸಾಕೋಣ ಅಂತ ಹೋದವರಿಗೆ ಒಂದೂ ಸಿಗಲಿಲ್ಲ. 2019ರಲ್ಲಿ ಸರ್ಕಾರ ಅಳಿದಿದೆ ಅಂತ ಘೋಷಿಸಿತು. ಮನುಷ್ಯ ತಂದ ಹವಾಮಾನ ಬದಲಾವಣೆಗೆ ಬಲಿಯಾದ ಮೊದಲ ಸಸ್ತನಿ ಅಂತ ಅದನ್ನು ಗುರುತಿಸ್ತಾರೆ. ಒಂದು ಇಲಿ, ಒಂದು ದ್ವೀಪ, ಎಣಿಸಲೂ ಕಷ್ಟವಿಲ್ಲ. ಆದರೂ ಹೋಗಬೇಕಾದ ಹೊತ್ತಿಗೆ ಯಾರೂ ಅಲ್ಲಿಗೆ ಹೋಗಲಿಲ್ಲ.

ಬಿಲದಬಾಯಿ:
ಆ ಕಥೆ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತೆ. ಮುದ್ದು ಮುಖ ಇದ್ದರೂ ಇಲಿ ಅನ್ನುವ ಹೆಸರೇ ಅದಕ್ಕೆ ಮುಳುವು. ನಾಯಿಮರಿಯಂಥ ಹೆಸರಿದ್ದಿದ್ದರೆ ಐದು ವರ್ಷ ಕಾಯುತ್ತಿರಲಿಲ್ಲ.

ಸುಮ್ನೆಓದುಗ:
ಸರಿ, ಹಾಗಾದ್ರೆ ಆ ಇಲಿ ಮೀಸಲುಗಳಲ್ಲಿ ಗಿಯೋಥ್ಯಾಲಸ್ ಇದೆಯೋ ಇಲ್ಲವೋ ಅಂತ ಇಲಿ ಎಣಿಸಲು ಹೋಗುವವರೇ ನೋಡಿಕೊಂಡು ಬಂದರೆ ಆಗಲ್ವಾ? ಹೇಗೂ ಅಲ್ಲೇ ಓಡಾಡ್ತಿರ್ತಾರೆ. ಒಂದೇ ಖರ್ಚಿನಲ್ಲಿ ಎರಡು ಕೆಲಸ.

ಬಿಲದಬಾಯಿ:
ನಾನೂ ಇದನ್ನೇ ಬರೆಯೋಣ ಅಂತ ಕೂತೆ, ಟೈಪ್ ಮಾಡ್ತಾ ಮಾಡ್ತಾ ಹೊಳೀತು. ಮಳೆ ಇರುವ, ಚಳಿ ಹೆಚ್ಚಿರುವ ರಾತ್ರಿ ನಾವು ಬೋನು ಇಡುವುದಿಲ್ಲ. ಲೋಹದ ಡಬ್ಬಿಯೊಳಗೆ ಸಿಕ್ಕಿಕೊಂಡ ಇಲಿ ನೆನೆದು ಸೆಟೆದು ಸತ್ತುಹೋಗುತ್ತೆ. ಹಾಗಾಗಿ ಒಣ ದಿನ ನೋಡಿಕೊಂಡೇ ಹೋಗುವುದು. ಹೋಗುವುದೂ ರಾತ್ರಿ, ಹಣೆಗೆ ಲೈಟು ಕಟ್ಟಿಕೊಂಡು, ಕಣ್ಣೆಲ್ಲ ಬೋನಿನ ಮೇಲೆ.

ಹಸಿಮಣ್ಣು:
ಹೌದು. ನಿಮ್ಮವರು ಹೋಗುವ ದಿನ ನನ್ನದು ಮಣ್ಣೊಳಗೆ. ನನ್ನದು ಮೇಲೆ ಬಂದ ದಿನ ನಿಮ್ಮವರು ಮನೆಯಲ್ಲಿ. ಅದು ಕಾಣುವುದು ಮಳೆ ನಿಂತ ಮೇಲಿನ ಕೆಲವೇ ವಾರ, ಹಗಲಲ್ಲಿ, ಮಂಡಿಯೂರಿ, ಕೈಯಲ್ಲಿ ಲೆನ್ಸ್ ಹಿಡಿದವರಿಗೆ. ಬೇಸಿಗೆಯ ವರದಿಯಲ್ಲಿ 'ಕಂಡುಬಂದಿಲ್ಲ' ಅಂತ ಬರೆದರೆ ಅದಕ್ಕೆ ಅರ್ಥವೇ ಇಲ್ಲ.

ಬಿಲದಬಾಯಿ:
ಹಾಗಾದರೆ ಬೋನಿನ ಸಾಲುಗಳಿಗೆ ನಾವು ಗೂಟ ಹೊಡೆದಿರುತ್ತೀವಲ್ಲ, ಅವು ವರ್ಷವಿಡೀ ಅಲ್ಲೇ ಇರುತ್ತವೆ, ಪ್ರತಿಯೊಂದರ ಜಿಪಿಎಸ್ ಗುರುತೂ ಇರುತ್ತೆ. ಮಳೆ ಬಿದ್ದ ಮೇಲೆ ನಿಮ್ಮ ಕಡೆಯವರು ಅದೇ ಗೂಟ ಹಿಡಿದು ನಡೆಯಲಿ. ಪ್ರತಿ ಗೂಟದ ಸುತ್ತ ಒಂದು ಚದರ ಮೀಟರ್.

ಎಣಿಕೆಮನೆ:
ಒಂದು ಚದರ ಮೀಟರ್ ಅಂದರೆ ಒಂದು ಲಿವರ್‌ವರ್ಟ್. ಲೆಕ್ಕಕ್ಕೂ ಸರಿಹೋಯಿತು, ನೋಡಿ.